ಒನಕೆ ಹಿಡಿದ ಕೈ, ಗಾಯ ಕಟ್ಟಿದ ಕೈ

ಕರ್ನಾಟಕ ಸರಕಾರ 2021ರಿಂದ ನವೆಂಬರ್ 11ನ್ನು ಒನಕೆ ಓಬವ್ವ ಜಯಂತಿಯಾಗಿ ಆಚರಿಸುತ್ತಿದೆ. 1993ರ ಅದೇ ನವೆಂಬರ್ 11ರಂದು ಅಮೆರಿಕದ ವಾಷಿಂಗ್ಟನ್ನಿನಲ್ಲಿ, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇವೆ ಸಲ್ಲಿಸಿದ ಮಹಿಳೆಯರ ಸ್ಮಾರಕ ಲೋಕಾರ್ಪಣೆಗೊಂಡಿತು. ಆ ಯುದ್ಧಭೂಮಿಗೆ ಹೋದ ಮಹಿಳೆಯರಲ್ಲಿ ಬಹುಪಾಲು ದಾದಿಯರು. ತಾರೀಖು ಒಂದಾದದ್ದು ಆಕಸ್ಮಿಕ. ಆದರೆ ಇವೆರಡನ್ನು ಜೊತೆಗಿಟ್ಟು ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ: ಯುದ್ಧದ ಕಥೆ ಹೇಳುವಾಗ ನಾವು ಯಾರನ್ನು ನೆನೆಯುತ್ತೇವೆ, ಯಾರನ್ನು ಮರೆಯುತ್ತೇವೆ?

ಯುದ್ಧಕಾಲದ ದಾದಿಯರನ್ನು ಕುರಿತ ಕಾದಂಬರಿಗಳಿಗೆ ಇಂಗ್ಲಿಷಿನಲ್ಲಿ ಬರವಿಲ್ಲ. 2024ರಲ್ಲಿ ಪ್ರಕಟವಾದ ಕ್ರಿಸ್ಟಿನ್ ಹ್ಯಾನಾ ಅವರ 'ದಿ ವಿಮೆನ್' ಅವುಗಳಲ್ಲೊಂದು. ವಿಯೆಟ್ನಾಮಿನಿಂದ ಊರಿಗೆ ಮರಳಿದ ಯುವ ದಾದಿಗೆ, ಅಲ್ಲಿ ಹೆಂಗಸರೇ ಇರಲಿಲ್ಲವಲ್ಲ ಎಂದು ಸ್ವಂತ ದೇಶದವರೇ ಹೇಳುತ್ತಾರೆ. ಇದು ಬರೀ ಕಲ್ಪನೆಯಲ್ಲ. ವಾಷಿಂಗ್ಟನ್ನಿನ ಯುದ್ಧಸ್ಮಾರಕದ ಗೋಡೆಯಲ್ಲಿ 58,000ಕ್ಕೂ ಮಿಕ್ಕಿದ ಹೆಸರುಗಳ ನಡುವೆ 8 ಮಂದಿ ದಾದಿಯರ ಹೆಸರುಗಳಿವೆ. ಆದರೂ ಮಾಜಿ ಸೇನಾ ದಾದಿ ಡಯಾನ್ ಕಾರ್ಲ್‌ಸನ್ ಇವಾನ್ಸ್ 1984ರಲ್ಲಿ ಆರಂಭಿಸಿದ ಪ್ರಯತ್ನ ಫಲ ನೀಡಲು ಒಂಬತ್ತು ವರ್ಷ ಬೇಕಾಯಿತು.

ಇನ್ನು ಘಟ್ಟದ ಮೇಲಿನ ಚಿತ್ರದುರ್ಗವನ್ನು ನೋಡೋಣ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳನ್ನೊಳಗೊಂಡ ಈ ಸೀಮೆಯ ಓದುಗರಿಗೆ ಐತಿಹಾಸಿಕ ಕಾದಂಬರಿ ಹೊಸತಲ್ಲ. ತ.ರಾ.ಸು. ಅವರು 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ'ಗಳ ಮೂಲಕ ಪಾಳೆಯಗಾರರ ಕಾಲವನ್ನು ಕಟ್ಟಿಕೊಟ್ಟರು. ಕೊನೆಯ ಮದಕರಿ ನಾಯಕನ ಕಥೆಯಾದ 'ದುರ್ಗಾಸ್ತಮಾನ'ಕ್ಕೆ, ಲೇಖಕರು ತೀರಿಕೊಂಡ ಮರುವರ್ಷ, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಕಾದಂಬರಿಗಳನ್ನು ಆಧರಿಸಿದ 1972ರ 'ನಾಗರಹಾವು' ಚಿತ್ರ ಓಬವ್ವನನ್ನು ನಾಡಿನ ಮನೆಮನೆಗೆ ತಲುಪಿಸಿತು.

ಓಬವ್ವನಿಗೆ ಸಂದ ಗೌರವ ನ್ಯಾಯವಾದದ್ದೇ. ಆದರೆ 1779ರಲ್ಲಿ ದುರ್ಗ ಹೈದರಾಲಿಯ ವಶವಾಗುವ ತನಕ ನಡೆದ ಕಾಳಗಗಳಲ್ಲಿ ಗಾಯಗೊಂಡವರ ಬಾಯಿಗೆ ನೀರು ಬಿಟ್ಟವರು ಯಾರು? ಸೊಪ್ಪು ಅರೆದು ಗಾಯಕ್ಕೆ ಕಟ್ಟಿದವರು ಯಾರು? ಅಂಥವರು ಇರದೆ ಯಾವ ಮುತ್ತಿಗೆಯೂ ನಡೆದಿರಲಾರದು. ಒನಕೆ ಎತ್ತಿದವಳ ಹೆಸರು ಉಳಿಯಿತು, ಗಾಯ ಕಟ್ಟಿದವರ ಹೆಸರು ಉಳಿಯಲಿಲ್ಲ. ದಾಖಲೆ ಮೌನವಾಗುವ ಇಂಥ ಕಡೆಯಲ್ಲಿಯೇ ಕಾದಂಬರಿಕಾರನ ಕೆಲಸ ಆರಂಭವಾಗುತ್ತದೆ.

ನೆರೆಯ ಕೇರಳ ಈ ಕೆಲಸ ಮಾಡಿ ತೋರಿಸಿದೆ. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಸಿಲುಕಿದ್ದ 46 ಮಂದಿ ಭಾರತೀಯ ದಾದಿಯರು ಜುಲೈ 5ರಂದು ಕೊಚ್ಚಿಗೆ ಬಂದಿಳಿದರು. ಮೂರೇ ವರ್ಷಗಳಲ್ಲಿ, 2017ರಲ್ಲಿ, 'ಟೇಕ್ ಆಫ್' ಎಂಬ ಮಲಯಾಳಂ ಚಿತ್ರ ಅವರ ಅನುಭವವನ್ನು ಕಥೆಯಾಗಿಸಿತು. 1990ರಲ್ಲಿ ಇರಾಕ್ ಕುವೈತ್ ಮೇಲೆ ದಾಳಿ ಮಾಡಿದಾಗ ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳು ದುಡಿಮೆಯನ್ನೆಲ್ಲ ಅಲ್ಲೇ ಬಿಟ್ಟು ಬಂದವು. ಅವರ ನಡುವಿನ ದಾದಿಯರ ಕಥೆ ಇಂದಿಗೂ ಮನೆಯ ಜಗಲಿಯ ಮಾತಾಗಿಯೇ ಉಳಿದಿದೆ.

ಇದು ಕೇವಲ ಸಾಹಿತ್ಯದ ಪ್ರಶ್ನೆಯಲ್ಲ. ಸಮಾಜ ಯಾರ ಕಥೆಯನ್ನು ಹೇಳುತ್ತದೋ ಅವರ ದುಡಿಮೆಗೆ ಬೆಲೆ ಕಟ್ಟುತ್ತದೆ. ಕೋವಿಡ್ ಕಾಲದಲ್ಲಿ ದಾದಿಯರಿಗೆ ಚಪ್ಪಾಳೆ ತಟ್ಟಿದ ನಾವು, ಅವರ ಸಂಬಳ, ಪಾಳಿ, ಭದ್ರತೆಯ ಮಾತು ಬಂದಾಗ ಸುಮ್ಮನಾದೆವು. ಹಿರಿಯೂರಿನ ಹೆದ್ದಾರಿಯಲ್ಲಿ ಅಪಘಾತವಾದ ರಾತ್ರಿ ಆಸ್ಪತ್ರೆಯಲ್ಲಿ ಎಚ್ಚರವಾಗಿರುವ ದಾದಿಗೆ ಬೇಕಾದುದು ವರ್ಷಕ್ಕೊಂದು ಹೂಗುಚ್ಛವಲ್ಲ.

ಬರುವ ನವೆಂಬರ್ 11ರಂದು ದುರ್ಗದ ಶಾಲೆಗಳಲ್ಲಿ ಓಬವ್ವನ ಕಥೆ ಹೇಳುವಾಗ, ಒಬ್ಬ ನಿವೃತ್ತ ದಾದಿಯನ್ನು ಕರೆದು ಆಕೆಯ ಕಥೆಯನ್ನೂ ಮಕ್ಕಳಿಗೆ ಕೇಳಿಸೋಣ. ಅವರಲ್ಲೊಬ್ಬರು ನಾಳೆ ಅದನ್ನು ಬರೆದಾರು.