ಅಕ್ವೇರಿಯಂ ಲೈಟ್ ಉರಿಯುತ್ತಿಲ್ಲವೇ? ಟೆಸ್ಟರ್ ಹೇಳುವುದೆಲ್ಲ ನಿಜವಲ್ಲ

ಅಕ್ವೇರಿಯಂ ಲೈಟ್ ಒಮ್ಮೆ ಉರಿಯುತ್ತದೆ, ಒಮ್ಮೆ ಇಲ್ಲ. ಪ್ಲಗ್ ಅಲ್ಲಾಡಿಸಿದರೆ ಹತ್ತಿಕೊಳ್ಳುತ್ತದೆ, ಕೈಬಿಟ್ಟರೆ ಆರುತ್ತದೆ. ಆಗ ಹೆಚ್ಚಿನ ಮನೆಗಳಲ್ಲಿ ಮೊದಲು ಹೊರಬರುವುದು ಟೆಸ್ಟರ್. ಅದು ಹೊಳೆದರೆ 'ಕರೆಂಟ್ ಬರ್ತಿದೆ, ಲೈಟೇ ಹೋಗಿದೆ' ಎಂಬ ತೀರ್ಮಾನ. ಹೊಳೆಯದಿದ್ದರೆ 'ಕರೆಂಟ್ ಇಲ್ಲ, ಮುಟ್ಟಬಹುದು' ಎಂಬ ಧೈರ್ಯ. ಎರಡೂ ತಪ್ಪಾಗಬಹುದು. ಪಕ್ಕದಲ್ಲೇ ನೀರಿನ ತೊಟ್ಟಿ ಇರುವಾಗ ಎರಡನೆಯ ತಪ್ಪು ಜೀವಕ್ಕೇ ಎರವಾದೀತು.

ಟೆಸ್ಟರ್ ತೋರಿಸುವುದೇನು?

ಲೈಟ್ ಉರಿಯಲು ಫೇಸ್ ಮತ್ತು ನ್ಯೂಟ್ರಲ್ ಎರಡೂ ತಂತಿ ಬೇಕು. ಟೆಸ್ಟರ್ ಫೇಸ್‌ಗೆ ತಾಗಿದಾಗ ತೀರಾ ಅಲ್ಪ ಕರೆಂಟ್ ಅದರೊಳಗಿನ ನಿಯಾನ್ ಬಲ್ಬ್ ಮತ್ತು ನಿಮ್ಮ ಮೈ ಮೂಲಕ ನೆಲಕ್ಕೆ ಹರಿಯುತ್ತದೆ. ಹೊಳೆಯಲು ಅಷ್ಟೇ ಸಾಕು. ಹಾಗಾಗಿ ನ್ಯೂಟ್ರಲ್ ಕಡಿದಿದ್ದರೂ ಟೆಸ್ಟರ್ ಹೊಳೆಯುತ್ತದೆ, ಲೈಟ್ ಮಾತ್ರ ಉರಿಯದು. ಇನ್ನು ರಬ್ಬರ್ ಚಪ್ಪಲಿ ಹಾಕಿ ಮರದ ಸ್ಟೂಲ್ ಮೇಲೆ ನಿಂತಿದ್ದರೆ ಕರೆಂಟ್ ಇದ್ದರೂ ಹೊಳಪು ಕಾಣದಿರಬಹುದು.

ಸ್ವಿಚ್ ಆಫ್ ಮಾಡಿದರೆ ಸಾಕೇ?

ಸ್ವಿಚ್ ಫೇಸ್ ತಂತಿಯಲ್ಲೇ ಇರಬೇಕು ಎಂಬುದು ವೈರಿಂಗ್ ನಿಯಮ. ತಪ್ಪಿ ನ್ಯೂಟ್ರಲ್‌ನಲ್ಲಿ ಹಾಕಿದ್ದರೆ ಆಫ್ ಮಾಡಿದಾಗಲೂ ಸಾಕೆಟ್‌ನಲ್ಲಿ 230 ವೋಲ್ಟ್ ಉಳಿದಿರುತ್ತದೆ. ಆಫ್ ಆದ ಮೇಲೂ ಎಲ್‌ಇಡಿ ಮಂಕಾಗಿ ಮಿನುಗುವುದು ಇದರ ಒಂದು ಸುಳಿವು. ಸ್ವಿಚ್‌ನೊಳಗಿನ ಇಂಡಿಕೇಟರ್ ದೀಪದಿಂದಲೂ ಹಾಗಾಗುವುದುಂಟು. ಕಾರಣ ಯಾವುದೇ ಇರಲಿ, ನೀರಿಗೆ ಕೈ ಹಾಕುವ ಮುನ್ನ ಪ್ಲಗ್ ಕಿತ್ತು ಹೊರಗಿಡಿ.

ಮೀನು ಆರಾಮಾಗಿದೆ, ಹಾಗಾದರೆ ಶಾಕ್ ಇಲ್ಲವೇ?

ಇದೂ ತಪ್ಪು ನಂಬಿಕೆ. ಮರದ ಸ್ಟ್ಯಾಂಡ್ ಮೇಲಿನ ಗಾಜಿನ ತೊಟ್ಟಿಯ ನೀರಿಗೆ ಕರೆಂಟ್ ಇಳಿದರೂ, ಹರಿದುಹೋಗಲು ದಾರಿ ಇಲ್ಲದಿದ್ದರೆ ಮೀನಿಗೆ ಏನೂ ಆಗದಿರಬಹುದು. ನೆಲದ ಮೇಲೆ ನಿಂತು ನೀವು ಕೈ ಅದ್ದಿದ ಕ್ಷಣ ಆ ದಾರಿ ನೀವೇ ಆಗುತ್ತೀರಿ.

ದೋಷ ಎಲ್ಲಿದೆ?

ಒಣಗಿದ ಕೈಯಿಂದ ಹೀಗೆ ಪರೀಕ್ಷಿಸಿ. ಲೈಟನ್ನು ಬೇರೆ ಸಾಕೆಟ್‌ಗೆ ಹಾಕಿ. ಅಲ್ಲೂ ಉರಿಯದಿದ್ದರೆ ದೋಷ ಲೈಟ್ ಅಥವಾ ಅಡಾಪ್ಟರ್‌ನದು. ಅಲ್ಲಿ ಉರಿದರೆ, ಹಳೆಯ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಅದೂ ನಡೆಯದಿದ್ದರೆ ದೋಷ ಸಾಕೆಟ್, ಸ್ವಿಚ್ ಅಥವಾ ಒಳಗಿನ ತಂತಿಯಲ್ಲಿದೆ.

ದರೋಜಿ, ಕಂಪ್ಲಿಯಂಥ ಊರುಗಳಲ್ಲಿ ಲೋ ವೋಲ್ಟೇಜ್ ಮೇಲೆ ಅನುಮಾನ ಬರುವುದು ಸಹಜ. ಆದರೆ ಬಹಳಷ್ಟು ಅಡಾಪ್ಟರ್‌ಗಳ ಮೇಲೆ 100–240 ವೋಲ್ಟ್ ಎಂದು ಬರೆದಿರುತ್ತದೆ. ಅಂದರೆ ವೋಲ್ಟೇಜ್ ಸ್ವಲ್ಪ ಇಳಿದರೆ ಅವು ನಿಲ್ಲುವುದಿಲ್ಲ. ಅಕ್ಕಪಕ್ಕದ ಮನೆಗಳಲ್ಲೂ ದೀಪ ಮಿಣುಕುತ್ತಿದ್ದರೆ ಜೆಸ್ಕಾಂಗೆ ದೂರು ಕೊಡಲು 1912ಕ್ಕೆ ಕರೆ ಮಾಡಿ. ಒಂದೇ ಸಾಕೆಟ್‌ನ ಸಮಸ್ಯೆಯಾದರೆ ಅದು ಮನೆಯೊಳಗಿನದು.

ಪ್ಲಗ್ ಬಿಸಿಯಾಗಿದೆಯೇ, ಸುಟ್ಟ ವಾಸನೆ ಇದೆಯೇ ಎಂದೂ ಗಮನಿಸಿ. 20 ವ್ಯಾಟ್‌ನ ಲೈಟ್ ಎಳೆಯುವುದು 0.1 ಆಂಪ್‌ಗೂ ಕಡಿಮೆ. 6 ಆಂಪ್‌ನ ಸಾಕೆಟ್‌ಗೆ ಅದೊಂದು ಭಾರವೇ ಅಲ್ಲ. ಆದರೂ ಬಿಸಿಯಾದರೆ ಒಳಗಿನ ಹಿಡಿತ ಸಡಿಲವಾಗಿದೆ ಎಂದರ್ಥ. ತೊಟ್ಟಿಯಿಂದ ಸಿಡಿದ ಗಡಸು ನೀರು ಒಣಗಿ ಬಿಡುವ ಬಿಳಿ ಲವಣ, ಸಂಡೂರು–ಹೊಸಪೇಟೆ ಕಡೆಯಾದರೆ ಜೊತೆಗೆ ಗಣಿ ಧೂಳು, ಎರಡೂ ಸಂಪರ್ಕವನ್ನು ಕೆಡಿಸುತ್ತವೆ. ಕಡ್ಡಿ ಸಿಕ್ಕಿಸಿ ಬಿಗಿ ಮಾಡುವುದು ಪರಿಹಾರವಲ್ಲ, ಸಾಕೆಟ್ ಬದಲಿಸಬೇಕು. ಆ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಮತ್ತೆ ಹೀಗಾಗದಿರಲು

ಎಂಸಿಬಿ ಇದ್ದರೆ ಶಾಕ್ ಹೊಡೆಯದು ಎಂದುಕೊಳ್ಳಬೇಡಿ. ಅದು ತಂತಿಯನ್ನು ಕಾಯುತ್ತದೆಯೇ ಹೊರತು ಮನುಷ್ಯರನ್ನಲ್ಲ. ಮನುಷ್ಯರನ್ನು ಕಾಯಲು 30 ಮಿಲಿಆಂಪ್‌ನ ಆರ್‌ಸಿಸಿಬಿ ಬೇಕು. ಅದು ಪದೇ ಪದೇ ಬೀಳುತ್ತಿದ್ದರೆ ಬೈಪಾಸ್ ಮಾಡಿಸಬೇಡಿ. ಫಿಲ್ಟರ್, ಹೀಟರ್, ಲೈಟ್‌ಗಳ ಪ್ಲಗ್ ತೆಗೆದು ಒಂದೊಂದಾಗಿ ಹಾಕುತ್ತಾ ಬಂದರೆ ಕರೆಂಟ್ ಸೋರುತ್ತಿರುವುದು ಯಾವುದರಿಂದ ಎಂದು ತಿಳಿಯುತ್ತದೆ. ಸಾಕೆಟ್ ತೊಟ್ಟಿಯ ಕೆಳಗೆ ಬೇಡ. ತಂತಿ ಸಾಕೆಟ್‌ಗಿಂತ ಕೆಳಕ್ಕೆ ಜೋತು ಬಿದ್ದು ಮತ್ತೆ ಮೇಲೇರಿ ಪ್ಲಗ್ ಸೇರುವಂತಿರಲಿ. ಆಗ ತಂತಿಗುಂಟ ಇಳಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್‌ಗೆ ಹೋಗುವುದಿಲ್ಲ.