ಬಲ, ಚಲನೆ ಮತ್ತು ನಮ್ಮ ಮನೆಮಾತು

ಹೈದರಾಬಾದಿನ ಕನ್ನಡ ಮನೆಗಳಲ್ಲಿ ಊಟ, ಹಬ್ಬ, ನೆಂಟರಿಷ್ಟರ ಮಾತೆಲ್ಲ ಕನ್ನಡದಲ್ಲೇ ನಡೆಯುತ್ತದೆ. ಮಕ್ಕಳು ಒಂಬತ್ತನೆಯ ತರಗತಿಯ ಭೌತಶಾಸ್ತ್ರದ ಪುಸ್ತಕವನ್ನು ತೆರೆದೊಡನೆ ಆ ಮಾತು ನಿಂತುಹೋಗುತ್ತದೆ. ಬಲ, ಚಲನೆ, ವೇಗೋತ್ಕರ್ಷಗಳ ಪಾಠ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಆರಂಭವಾಗಿ ಕೋಚಿಂಗ್ ಕೇಂದ್ರದಲ್ಲಿ ಸೂತ್ರಗಳಾಗಿ ಮುಗಿಯುತ್ತದೆ. ಮನೆಗೆ ಬರುವುದು ಅಂಕಪಟ್ಟಿ ಮಾತ್ರ. ಇದು ಶಾಲೆಗಳ ವಿಚಾರ, ಸಾಹಿತ್ಯಾಸಕ್ತರಿಗೇನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಇದೆ, ಅದೂ ನಿಕಟವಾದದ್ದು ಎಂಬುದು ನನ್ನ ಅಭಿಪ್ರಾಯ.

ಚಲನೆಯ ನಿಯಮಗಳು ಕಠಿಣವಾಗುವುದು ಗಣಿತದಿಂದಲ್ಲ. ನಾವು ಹುಟ್ಟಿದಂದಿನಿಂದ ಕಟ್ಟಿಕೊಂಡ ತಿಳಿವಳಿಕೆಗೆ ಅವು ವಿರುದ್ಧವಾಗಿ ಕಾಣುವುದರಿಂದ. ತಳ್ಳಿದರೆ ಗಾಡಿ ಸಾಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಆದ್ದರಿಂದ ಚಲನೆಗೆ ಸದಾ ಬಲ ಬೇಕು ಎಂದು ಮಗು ನಂಬುತ್ತದೆ. ಅರಿಸ್ಟಾಟಲನೂ ಹೀಗೆಯೇ ನಂಬಿದ್ದ. ಗಾಡಿ ನಿಲ್ಲುವುದು ಬಲವಿಲ್ಲದ್ದರಿಂದಲ್ಲ, ಘರ್ಷಣೆಯೆಂಬ ಇನ್ನೊಂದು ಬಲ ಇರುವುದರಿಂದ ಎಂಬ ಅರಿವು ಮೂಡಲು ಗೆಲಿಲಿಯೋವರೆಗೆ ಕಾಯಬೇಕಾಯಿತು; 1687ರಲ್ಲಿ ನ್ಯೂಟನ್ ಅದನ್ನು ನಿಯಮವಾಗಿ ನಿರೂಪಿಸಿದ. ಸುಮಾರು ಎರಡು ಸಾವಿರ ವರ್ಷ ಮನುಷ್ಯಕುಲ ತೊಡೆದುಹಾಕಲಾರದ ನಂಬಿಕೆಯನ್ನು ಒಂದು ಸೂತ್ರ ಬರೆಯಿಸಿ ನಲವತ್ತು ನಿಮಿಷದಲ್ಲಿ ತೊಡೆದುಹಾಕಬಹುದೆ? ಆ ನಂಬಿಕೆ ಮನೆಮಾತಿನಲ್ಲಿ ಬೇರೂರಿದೆ. ಅದನ್ನು ಪ್ರಶ್ನಿಸುವ ಕೆಲಸವೂ ಮನೆಮಾತಿನಲ್ಲೇ ನಡೆಯಬೇಕು.

ಅದಕ್ಕೆ ಪ್ರಯೋಗಾಲಯ ಬೇಕಿಲ್ಲ. 2017ರ ನವೆಂಬರಿನಿಂದ ಈ ನಗರದಲ್ಲಿ ಮೆಟ್ರೋ ಓಡುತ್ತಿದೆ. ರೈಲು ಹೊರಡುವಾಗ ನಿಂತವರು ಹಿಂದಕ್ಕೆ ವಾಲುತ್ತಾರೆ, ನಿಲ್ಲುವಾಗ ಮುಂದಕ್ಕೆ ವಾಲುತ್ತಾರೆ. ನಡುವೆ ಒಂದೇ ವೇಗದಲ್ಲಿ ನೇರವಾಗಿ ಸಾಗುವಾಗ ಮಾತ್ರ ಕೈಬಿಟ್ಟು ನೆಮ್ಮದಿಯಾಗಿ ನಿಲ್ಲುತ್ತಾರೆ. ಹಾಗಾದರೆ ನಮ್ಮ ದೇಹ ಗುರುತಿಸುವುದು ವೇಗವನ್ನೋ, ವೇಗದ ಬದಲಾವಣೆಯನ್ನೋ? ಇಷ್ಟು ಕೇಳಿದರೆ ಸಾಕು, ಮಗು ಉಳಿದದ್ದನ್ನು ತಾನೇ ಹೇಳುತ್ತದೆ. ಲೆಕ್ಕವೂ ಸುಲಭ. ರೈಲು 20 ಸೆಕೆಂಡುಗಳಲ್ಲಿ ಗಂಟೆಗೆ 72 ಕಿಲೋಮೀಟರ್ ವೇಗ ಪಡೆಯಿತೆನ್ನಿ. ಅದು ಸೆಕೆಂಡಿಗೆ 20 ಮೀಟರ್. ಎಂದರೆ ಪ್ರತಿ ಸೆಕೆಂಡಿನಲ್ಲೂ ವೇಗ ಸೆಕೆಂಡಿಗೆ 1 ಮೀಟರಿನಷ್ಟು ಹೆಚ್ಚಿತು. 50 ಕಿಲೋಗ್ರಾಂ ದ್ರವ್ಯರಾಶಿಯ ವಿದ್ಯಾರ್ಥಿಯನ್ನು ಹಾಗೆ ಮುಂದಕ್ಕೊಯ್ಯಲು ಬೇಕಾದ ಬಲ 50 ನ್ಯೂಟನ್. ಭೂಮಿ ಅವನನ್ನು ಕೆಳಕ್ಕೆಳೆಯುವ ಬಲ ಸುಮಾರು 490 ನ್ಯೂಟನ್. ಅದರ ಹತ್ತರಲ್ಲೊಂದು ಭಾಗವೇ ನಮ್ಮನ್ನು ಕಂಬ ಹಿಡಿಯುವಂತೆ ಮಾಡುತ್ತದೆ!

ಇಲ್ಲಿ ಭಾಷಾಪ್ರೇಮಿಗಳು ಯೋಚಿಸಬೇಕಾದ ಇನ್ನೊಂದು ಅಂಶವಿದೆ. ಕನ್ನಡದ ಪಠ್ಯಪುಸ್ತಕಗಳು ದಿಕ್ಕಿನ ಗೊಡವೆಯಿಲ್ಲದ ಓಟವನ್ನು 'ಜವ' ಎಂದೂ ದಿಕ್ಕನ್ನೊಳಗೊಂಡದ್ದನ್ನು 'ವೇಗ' ಎಂದೂ ಬೇರ್ಪಡಿಸಿವೆ. ತೆಲುಗು ಪಠ್ಯಗಳಲ್ಲಿ ಇವೇ 'ವಡಿ', 'ವೇಗಂ'. ಜವ ಬದಲಾಗದೆಯೂ ವೇಗ ಬದಲಾಗಬಹುದು. ಹೊರವರ್ತುಲ ರಸ್ತೆಯ ತಿರುವಿನಲ್ಲಿ ಸ್ಪೀಡೋಮೀಟರಿನ ಮುಳ್ಳು ಕದಲದಿದ್ದರೂ ದಿಕ್ಕು ಬದಲಾಗುವುದರಿಂದ ಅದೂ ವೇಗೋತ್ಕರ್ಷವೇ. ಆದರೆ 'ಉತ್ಕರ್ಷ' ಎಂದರೆ ಏರಿಕೆ. ಬ್ರೇಕ್ ಹಾಕಿದಾಗಿನ ಇಳಿಕೆಯನ್ನಾಗಲಿ, ತಿರುವಿನ ಬದಲಾವಣೆಯನ್ನಾಗಲಿ ಆ ಪದ ಸೂಚಿಸುವುದಿಲ್ಲ. ತ್ವರೆಯಿಂದ ಹುಟ್ಟಿದ ತೆಲುಗಿನ 'ತ್ವರಣಂ' ಎಂಬುದಕ್ಕೂ ಇಂಗ್ಲಿಷಿನ ಪದಕ್ಕೂ ಇದೇ ಕೊರತೆ. ಪದ ಎಲ್ಲಿ ದಾರಿ ತೋರುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎಂದು ಪರೀಕ್ಷಿಸುವುದು ಸಾಹಿತ್ಯದ ಓದುಗರಿಗೆ ರೂಢಿಯಾದ ಕೆಲಸವಲ್ಲವೆ?

ಇದು ಕೇವಲ ಪಾಂಡಿತ್ಯದ ಪ್ರಶ್ನೆಯೂ ಅಲ್ಲ. ಸೆಕೆಂಡಿಗೆ 20 ಮೀಟರ್ ವೇಗದ ಕಾರು, ಪ್ರತಿ ಸೆಕೆಂಡಿಗೂ 5 ಮೀಟರಿನಷ್ಟು ವೇಗ ಕಳೆದುಕೊಳ್ಳುತ್ತ ನಿಲ್ಲಲು 40 ಮೀಟರ್ ದೂರ ಬೇಕು. ವೇಗ ಇಮ್ಮಡಿಯಾದರೆ ದೂರ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ: 160 ಮೀಟರ್. ಚಾಲಕ ಎಚ್ಚೆತ್ತು ಬ್ರೇಕ್ ತುಳಿಯುವ ಮುನ್ನ ಸಾಗಿದ ದೂರ ಬೇರೆ. ಪರೀಕ್ಷೆಯಲ್ಲಿ ಈ ಸೂತ್ರಕ್ಕೆ ಪೂರ್ಣಾಂಕ ಪಡೆದ ಹುಡುಗ ಮೂರು ವರ್ಷದ ಅನಂತರ ಬೈಕ್ ಏರಿದಾಗ ಅದು ನೆನಪಿಗೆ ಬಾರದಿದ್ದರೆ, ಕಲಿತದ್ದು ಏನು?

1918ರಲ್ಲಿ ಎರಡು ಪ್ರಯತ್ನಗಳು ನಡೆದವು. ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ವಿಜ್ಞಾನವನ್ನು ಬೋಧಿಸತೊಡಗಿತು; ಅದಕ್ಕಾಗಿಯೇ ಒಂದು ಭಾಷಾಂತರ ಸಂಸ್ಥೆ ಪಾರಿಭಾಷಿಕ ಪದಗಳನ್ನು ರೂಪಿಸಿತು. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಾಯಣಪ್ಪನವರು 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದರು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಉಸ್ಮಾನಿಯಾದ ಸಾಹಸ ದೊಡ್ಡದು. ಭಾರತೀಯ ಭಾಷೆಯೊಂದು ಉನ್ನತ ವಿಜ್ಞಾನವನ್ನು ಹೊರಬಲ್ಲದೆಂದು ಅದು ತೋರಿಸಿತು. ಆದರೆ ನಿಜಾಮರ ರಾಜ್ಯದ ಬೀದರ, ರಾಯಚೂರು, ಕಲಬುರ್ಗಿಗಳಿಂದ ಬಂದ ಕನ್ನಡದ ಹುಡುಗನಿಗೆ ಉರ್ದುವೂ ದಾಟಬೇಕಾದ ಹೊಳೆಯೇ ಆಗಿತ್ತು. ಭಾಷೆ ದೇಶೀಯವಾಗಿದ್ದರೆ ಸಾಲದು, ಕಲಿಯುವವನದೂ ಆಗಿರಬೇಕು ಎಂಬ ಪಾಠವನ್ನು ಈ ಊರಿನ ಕನ್ನಡಿಗರಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಪರೀಕ್ಷೆ ಇಂಗ್ಲಿಷಿನಲ್ಲಿರುವಾಗ ಕನ್ನಡದ ಪದ ಕಲಿಸಿ ಮಕ್ಕಳ ಹೊರೆ ಹೆಚ್ಚಿಸಬೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಪಾರಿಭಾಷಿಕ ಪದಗಳನ್ನು ಬಾಯಿಪಾಠ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಆಕ್ಸಿಲರೇಶನ್ ಎಂದೇ ಕರೆಯಲಿ. ಅದೇನೆಂಬ ಚರ್ಚೆ ಮಾತ್ರ ಅಮ್ಮನೊಡನೆ, ಅಜ್ಜನೊಡನೆ ಕನ್ನಡದಲ್ಲಿ ನಡೆಯಲಿ. ತನ್ನ ಮಾತಿನಲ್ಲಿ ವಿವರಿಸಲು ಬಂದದ್ದು ಯಾವ ಭಾಷೆಯ ಪ್ರಶ್ನೆಪತ್ರಿಕೆಗೂ ಹೆದರುವುದಿಲ್ಲ.

ನಾವು ಪಂಪನನ್ನು ನೆನೆದು, ಅವನಿಗೆ ಆಶ್ರಯವಿತ್ತ ವೇಮುಲವಾಡ ಇಂದು ತೆಲಂಗಾಣದಲ್ಲಿದೆಯೆಂದು ಹೆಮ್ಮೆಪಡುತ್ತೇವೆ. ಆ ಪಂಪಭಾರತವನ್ನು ಸಾಹಿತ್ಯ ಪರಿಷತ್ತಿಗಾಗಿ ಸಂಪಾದಿಸಿದವರೂ 'ವಿಜ್ಞಾನ' ಪತ್ರಿಕೆಯ ಬೆಳ್ಳಾವೆಯವರೇ, ಭೌತಶಾಸ್ತ್ರದ ಅಧ್ಯಾಪಕರು. ಅವರಿಗೆ ಇವೆರಡೂ ಬೇರೆಬೇರೆ ಕೆಲಸಗಳಾಗಿ ತೋರಲಿಲ್ಲ. ನಮ್ಮ ಕೂಟಗಳೂ ತಿಂಗಳಿಗೊಂದು ಸಂಜೆಯನ್ನು ಕವಿಗೋಷ್ಠಿಯಿಂದ ಬಿಡಿಸಿ, ಪ್ರೌಢಶಾಲೆಯ ಮಕ್ಕಳು ಕನ್ನಡದಲ್ಲಿ ವಿಜ್ಞಾನ ಮಾತಾಡುವುದಕ್ಕೆ ಮೀಸಲಿಡಬೇಕು. ನಗರದಲ್ಲಿ ನೆಲೆಸಿರುವ ಕನ್ನಡಿಗ ಎಂಜಿನಿಯರುಗಳು, ಅಧ್ಯಾಪಕರು ಉತ್ತರ ಹೇಳುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳಲು ಬರಲಿ. ಜಡತ್ವದ ನಿಯಮ ಸಂಘಗಳಿಗೂ ಅನ್ವಯಿಸುತ್ತದೆ: ಹೊರಗಿನಿಂದ ಬಲ ಬೀಳದೆ ಅವು ದಿಕ್ಕು ಬದಲಿಸುವುದಿಲ್ಲ. ಆ ಬಲ ಮಕ್ಕಳ ಪ್ರಶ್ನೆಗಳಿಂದ ಬರಲಿ.