ಹಳೆಯ ಕೈ, ಉದ್ದನೆಯ ಗಾಡಿ

ಒಮ್ಮೆ ಕಲಿತ ಈಜು, ಒಮ್ಮೆ ಕಲಿತ ಸೈಕಲ್ ಸವಾರಿ, ಇವೆರಡೂ ಸಾಯುವ ತನಕ ಮರೆಯವೆಂದು ಹಿರಿಯರು ಹೇಳುವುದುಂಟು. ಮಾತು ಸುಳ್ಳಲ್ಲ. ಆದರೆ ನೀರಿಗಿಳಿದವನು ತನ್ನ ಮೈಯೊಂದನ್ನು ತೇಲಿಸಿಕೊಂಡರೆ ಸಾಕು; ಸೈಕಲ್ಲಿನವನು ಬಿದ್ದರೆ ಮೊಣಕಾಲು ತರಚೀತು, ಅಷ್ಟೆ. ನಲವತ್ತು ಅಡಿಯ ಪೆಟ್ಟಿಗೆಯನ್ನು ಬೆನ್ನ ಹಿಂದೆ ಎಳೆದುಕೊಂಡು ಹೆದ್ದಾರಿಗೆ ಇಳಿಯುವವನ ವಿಷಯ ಹಾಗಲ್ಲ. ಅವನಿಗೆ ನೆನಪಿರುವುದೆಷ್ಟು, ಮರೆತದ್ದೆಷ್ಟು ಎಂಬುದು ಅವನೊಬ್ಬನ ಮನೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಎದುರಿಗೆ ಬರುವ ಬಸ್ಸಿನಲ್ಲಿ ಕುಳಿತ ಐವತ್ತು ಮನೆಗಳ ಪ್ರಶ್ನೆಯೂ ಆಗುತ್ತದೆ.

ಶಿರಾದಿಂದ ಹುಳಿಯಾರಿನ ಕಡೆಗೆ ಸಾಗುವ ದಾರಿಯಲ್ಲಿ ಬುಕ್ಕಾಪಟ್ಟಣವಿದೆ. ಮಳೆ ಕಡಮೆಯ ಸೀಮೆ. ಸುತ್ತ ಕುರುಚಲು ಕಾಡು. 2019ರಲ್ಲಿ ಸರ್ಕಾರವು ಆ ಕಾಡನ್ನು ಚಿಂಕಾರಗಳ ವನ್ಯಧಾಮವೆಂದು ಘೋಷಿಸಿತು. ನೆರೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ನೆಲದಲ್ಲಿ ಕಬ್ಬಿಣದ ಅದಿರುಂಟು. ಈ ಶತಮಾನದ ಮೊದಲ ದಶಕದಲ್ಲಿ ಅದಿರಿಗೆ ಹೊರದೇಶಗಳಲ್ಲಿ ಬೆಲೆ ಏರಿದಾಗ ಈ ಭಾಗದ ರಸ್ತೆಗಳಲ್ಲಿ ಹಗಲಿರುಳೆನ್ನದೆ ಲಾರಿಗಳು ಓಡಿದುವು. ಕ್ಲೀನರಾಗಿ ಲಾರಿ ಹತ್ತಿದ ಹಳ್ಳಿಯ ಹುಡುಗರು ಡ್ರೈವರಾಗಿ ಇಳಿದರು.

ಆಮೇಲೆ ಗಾಲಿ ನಿಂತಿತು. 2010ರ ಜುಲೈ ತಿಂಗಳಲ್ಲಿ ರಾಜ್ಯ ಸರ್ಕಾರವು ಅದಿರಿನ ರಫ್ತನ್ನು ನಿಷೇಧಿಸಿತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನೂ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೂ ತಡೆಹಿಡಿಯಿತು. ನೆಲಕ್ಕೂ ಕಾಡಿಗೂ ಆಗಿದ್ದ ಗಾಯವನ್ನು ಕಂಡವರು ಆ ಆಜ್ಞೆಯನ್ನು ತಪ್ಪೆನ್ನಲಾರರು. ಆದರೆ ಗಣಿಯ ಲಾಭವನ್ನು ಉಂಡವರು ಬೇರೆ, ಸ್ಟಿಯರಿಂಗ್ ಹಿಡಿದು ಕೂಲಿ ಉಂಡವರು ಬೇರೆ. 2013ರ ಏಪ್ರಿಲಿನಲ್ಲಿ ಕೆಲವು ಗಣಿಗಳನ್ನು ಷರತ್ತಿನ ಮೇಲೆ ತೆರೆಯಲು ಅಪ್ಪಣೆಯಾಗುವ ವೇಳೆಗೆ ಕೂಲಿ ಉಂಡವರಲ್ಲಿ ಹಲವರು ಬೇರೆ ದಾರಿ ಹಿಡಿದಿದ್ದರು.

ಅಂಥವರೊಳಗೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಹೆಸರು ಬೇಕಿಲ್ಲ, ಅವನಂಥವರು ಒಬ್ಬಿಬ್ಬರಲ್ಲ. 2011ರಲ್ಲಿ ಟ್ರೈಲರ್ ಲಾರಿಯಿಂದ ಇಳಿದು ಊರಿಗೆ ಬಂದ. ತಂದೆಯ ಮೂರು ಎಕರೆಯಲ್ಲಿ ಕೊಳವೆ ಬಾವಿ ತೋಡಿಸಿದ, ರಾಗಿ ಕಡಲೇಕಾಯಿ ಬೆಳೆದ, ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆದ. ಹೇಗೋ ಹನ್ನೆರಡು ವರ್ಷ ಸಾಗಿತು. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆನಿಸಿದುವು. ಅವನ ಕೊಳವೆ ಬಾವಿ ಗಾಳಿಯನ್ನು ಉಗುಳಿತು. ಮಗಳು ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ನಲವತ್ತೆಂಟರ ಪ್ರಾಯದಲ್ಲಿ ಅವನಿಗೆ ಹಳೆಯ ವಿದ್ಯೆ ನೆನಪಾಯಿತು.

"ಹದಿಮೂರು ವರ್ಷ ಆಯ್ತು. ಈಗ ಆಗ್ತದಾ ನಿಮ್ಮ ಕೈಲಿ?" ಎಂದಳು ಹೆಂಡತಿ.

"ಕೈ ಎಲ್ಲಿ ಹೋಗ್ತದೆ? ಇಲ್ಲೇ ಇದೆಯಲ್ಲ" ಎಂದ ಅವನು.

ಉತ್ತರ ಚೆನ್ನಾಗಿತ್ತು, ಆದರೆ ಅವಳು ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಮೊದಲ ಪ್ರಶ್ನೆಯನ್ನು ಕಾನೂನೇ ಕೇಳುತ್ತದೆ. ಸರಕು ಸಾಗಣೆಯ ವಾಹನ ನಡೆಸುವ ಲೈಸೆನ್ಸಿಗೆ ಹಿಂದೆ ಮೂರು ವರ್ಷದ ಆಯುಸ್ಸಿತ್ತು. 2019ರ ತಿದ್ದುಪಡಿಯ ನಂತರ ಅದು ಐದು ವರ್ಷವಾಯಿತು. ಆದರೆ ಅದೇ ತಿದ್ದುಪಡಿ ಇನ್ನೊಂದು ಬಾಗಿಲನ್ನು ಕಿರಿದುಗೊಳಿಸಿತು. ಅವಧಿ ಮುಗಿದ ಮೇಲೆ ಪರೀಕ್ಷೆಯಿಲ್ಲದೆ ನವೀಕರಿಸಿಕೊಳ್ಳಲು ಮೊದಲು ಐದು ವರ್ಷದ ಅವಕಾಶವಿತ್ತು. ಈಗ ಒಂದೇ ವರ್ಷ. ಅದನ್ನು ದಾಟಿದವನು ವೈದ್ಯರ ಸರ್ಟಿಫಿಕೇಟಿನೊಡನೆ ಹೋಗಿ, ಹೊಸಬನಂತೆ ಗಾಡಿ ನಡೆಸಿ ತೋರಿಸಿಯೇ ತೀರಬೇಕು. ಮಗಳ ವಯಸ್ಸಿನ ಹುಡುಗರ ಸಾಲಿನಲ್ಲಿ ನಿಂತಾಗ ಅವನಿಗೆ ಅವಮಾನವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಕಾನೂನು ಅವನನ್ನು ಹೀಯಾಳಿಸಲಿಲ್ಲ. ಹೆಂಡತಿ ಕೇಳಿದ್ದನ್ನೇ ಕೇಳಿತು.

ಲೈಸೆನ್ಸ್ ಕೈಗೆ ಬಂತು. ರಸ್ತೆ ಮಾತ್ರ ಬೇರೆಯಾಗಿತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದ ಮೇಲೆ ರಾಜ್ಯಗಳ ಗಡಿಯಲ್ಲಿದ್ದ ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳು ಹೋದುವು. ಕಾಗದದ ಕಟ್ಟು ಹಿಡಿದು ಇರುಳೆಲ್ಲ ಕಾಯುತ್ತಿದ್ದ ಜಾಗದಲ್ಲಿ ಈಗ ಇ-ವೇ ಬಿಲ್ಲಿನ ಸಂಖ್ಯೆಯೊಂದಿದ್ದರೆ ಸಾಕು. 2021ರ ಫೆಬ್ರವರಿಯಿಂದ ಟೋಲ್ ಗೇಟುಗಳಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6ರ ಎಂಜಿನ್ ಬಂದು, ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಟ್ಯಾಂಕು ಕುಳಿತಿತು. ಹೊಗೆಯ ವಿಷವನ್ನು ಕಡಮೆ ಮಾಡುವ ಆ ದ್ರವವನ್ನು ಡ್ರೈವರರು 'ಯೂರಿಯಾ' ಎಂದೇ ಕರೆಯುತ್ತಾರೆ. ಅದು ಬರಿದಾದರೆ ಡೀಸೆಲ್ ತುಂಬಿದ್ದರೂ ಎಂಜಿನ್ ಶಕ್ತಿಗುಂದುತ್ತದೆ. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಭಾರೀ ಲಾರಿಗಳಿಗೆ ಹವಾನಿಯಂತ್ರಿತ ಕ್ಯಾಬಿನ್ನೂ ಕಡ್ಡಾಯವಾಗಿದೆ. ಎಂಜಿನ್ನಿನ ಕಾವಿನಲ್ಲಿ ಬೆಂದು ಬಂದ ಹಳೆಯ ಡ್ರೈವರನಿಗೆ ಇದೊಂದು ಕನಸೇ ಸರಿ.

ಇವೆಲ್ಲ ಹೊರನೋಟಕ್ಕೆ ದೊಡ್ಡವು. ಆದರೆ ನಾಲ್ಕು ದಿನದಲ್ಲಿ ಕಲಿಯಬಹುದಾದವು. ಕಷ್ಟವಿರುವುದು ಬದಲಾಗದೆ ಉಳಿದ ವಸ್ತುವಿನಲ್ಲಿ, ಎಂದರೆ ಟ್ರೈಲರಿನಲ್ಲಿ.

ಸಾಮಾನ್ಯ ಲಾರಿ ಒಂದೇ ಮೈ. ಟ್ರೈಲರ್ ಲಾರಿಗೆ ಎರಡು ಮೈ, ನಡುವೆ ಒಂದು ಕೀಲು. ಮುಂದಿನ ಎಳೆಯುವ ಗಾಡಿಯ ಬೆನ್ನ ಮೇಲೆ ದುಂಡನೆಯ ಉಕ್ಕಿನ ತಟ್ಟೆಯುಂಟು. ಅದಕ್ಕೆ 'ಐದನೆಯ ಚಕ್ರ' ಎಂಬ ಹೆಸರು. ಕುದುರೆ ಸಾರೋಟುಗಳ ಕಾಲದಲ್ಲಿ ಮುಂದಿನ ಅಚ್ಚು ಹೊರಳುವುದಕ್ಕಾಗಿ ಮಲಗಿಸಿಡುತ್ತಿದ್ದ ಚಕ್ರದಿಂದ ಬಂದ ಹೆಸರದು. ಟ್ರೈಲರಿನ ಹೊಟ್ಟೆಯಿಂದ ಕೆಳಗೆ ಚಾಚಿದ ಎರಡು ಅಂಗುಲ ದಪ್ಪದ ಕಿಂಗ್‌ಪಿನ್ ಆ ತಟ್ಟೆಯ ಬಾಯಿಗೆ ಸೇರಿ ಬೀಗ ಬೀಳುತ್ತದೆ. ಹತ್ತಾರು ಟನ್ನಿನ ಭಾರವೆಲ್ಲ ಆ ಪಿನ್ನಿನ ಹಿಂದೆ ನಡೆಯುತ್ತದೆ. ಬೀಗ ಬಿದ್ದಿತೆಂದು ಸದ್ದಿನಿಂದ ನಂಬುವುದಲ್ಲ. ಇಳಿದು, ಬಗ್ಗಿ, ಕಣ್ಣಿನಿಂದ ನೋಡಿ, ಒಮ್ಮೆ ಮೆಲ್ಲನೆ ಎಳೆದು ಪರೀಕ್ಷಿಸಿ ನಂಬಬೇಕು.

ಈ ಗಾಡಿಯನ್ನು ಹಿಂದಕ್ಕೆ ಒಯ್ಯುವ ಗುಟ್ಟು ಎತ್ತಿನ ಗಾಡಿ ಹೂಡಿದವರಿಗೆ ಹೊಸದಲ್ಲ. ಗಾಡಿಯ ಹಿಂಭಾಗ ಬಲಕ್ಕೆ ಸರಿಯಬೇಕಾದರೆ ನೊಗವನ್ನು ಎಡಕ್ಕೆ ತಳ್ಳುತ್ತಾರೆ. ಟ್ರೈಲರಿನಲ್ಲಿಯೂ ಅದೇ ನ್ಯಾಯ: ಬಾಲ ಬಲಕ್ಕೆ ಹೋಗಬೇಕಾದರೆ ಮೊದಲು ಸ್ಟಿಯರಿಂಗ್ ಎಡಕ್ಕೆ; ಬಾಲ ತಿರುಗಲಾರಂಭಿಸಿದೊಡನೆ ಸ್ಟಿಯರಿಂಗನ್ನು ಹಿಂದಕ್ಕೆ ತಂದು ಅದರ ಬೆನ್ನು ಹಿಡಿಯಬೇಕು. ಹದಿಮೂರು ವರ್ಷವೂ ಟ್ರ್ಯಾಕ್ಟರಿನ ತೊಟ್ಟಿಯನ್ನು ಹಿಂದಕ್ಕೆ ಹೊಡೆದ ಕೈಗೆ ಈ ತಿರುವು ಮರೆತಿರಲು ಸಾಧ್ಯವಿಲ್ಲ. ಅವನ ಧೈರ್ಯಕ್ಕೆ ಆಧಾರವಿತ್ತು.

ತೊಡಕು ಬಂದುದೂ ಅಲ್ಲಿಯೇ. ಟ್ರ್ಯಾಕ್ಟರಿನ ತೊಟ್ಟಿ ಗಿಡ್ಡ. ಹೇಳಿದ ಮಾತನ್ನು ಆ ಕ್ಷಣವೇ ಕೇಳುತ್ತದೆ. ಉದ್ದನೆಯ ಟ್ರೈಲರ್ ನಿಧಾನಿ. ಸ್ಟಿಯರಿಂಗ್ ತಿರುಗಿಸಿದರೂ ಅದು ಕೇಳಿಸದಂತೆ ಕೊಂಚ ದೂರ ಸುಮ್ಮನೆ ಬರುತ್ತದೆ. ಗಿಡ್ಡ ಗಾಡಿಗೆ ಒಗ್ಗಿದ ಕೈ ಅಷ್ಟರಲ್ಲಿ ತಾಳ್ಮೆಗೆಟ್ಟು ಇನ್ನೂ ತಿರುಗಿಸುತ್ತದೆ. ಆಮೇಲೆ ಟ್ರೈಲರ್ ತಿರುಗಿದಾಗ ಬೇಕಾದುದಕ್ಕಿಂತ ಹೆಚ್ಚು ತಿರುಗಿ, ಎರಡು ಮೈಗಳು ಒಂದಕ್ಕೊಂದು ಅಡ್ಡವಾಗುತ್ತವೆ. ಎಂದ ಮೇಲೆ ಕೈ ಮರೆತಿರಲಿಲ್ಲ. ಬೇರೊಂದು ಅಳತೆಯನ್ನು ಕಲಿತುಬಿಟ್ಟಿತ್ತು.

ತಿರುವುಗಳಲ್ಲಿಯೂ ಇದೇ ಕಥೆ. ಎಡಕ್ಕೆ ತಿರುಗುವಾಗ ಟ್ರೈಲರಿನ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ. ಒಳಗಡೆಯಿಂದ ಅಡ್ಡ ಹಾಯುತ್ತವೆ. ರಸ್ತೆಯಂಚಿನಲ್ಲಿ ಸೈಕಲ್ ಹಿಡಿದು ನಿಂತ ಶಾಲೆಯ ಹುಡುಗನಿರುವುದು ಆ ಒಳಗಡೆಯಲ್ಲಿಯೇ. ಬಲಗಡೆ ಕುಳಿತ ಡ್ರೈವರನಿಗೆ ಕಾಣದಿರುವುದೂ ಆ ಮೂಲೆಯೇ. ಆದ್ದರಿಂದ ಇನ್ನಷ್ಟು ಮುಂದೆ ಹೋಗಿ ಆಮೇಲೆ ತಿರುಗಬೇಕು. ಎಷ್ಟು ಮುಂದೆ ಎಂಬುದು ಪುಸ್ತಕದಲ್ಲಿಲ್ಲ; ಕಣ್ಣಿನಲ್ಲಿರಬೇಕು. ಆ ಕಣ್ಣಿಗೆ ಹದಿಮೂರು ವರ್ಷ ಗದ್ದೆಯ ಬದುವಿನ ಅಳತೆಯೇ ಅಭ್ಯಾಸವಾಗಿತ್ತು.

ಇನ್ನು ಬ್ರೇಕು. ಮಳೆ ನೆನೆಸಿದ ರಸ್ತೆಯಲ್ಲಿ ಬ್ರೇಕನ್ನು ಒಮ್ಮೆಲೇ ಒತ್ತಿ, ಎಳೆಯುವ ಗಾಡಿಯ ಹಿಂದಿನ ಚಕ್ರಗಳು ಕಟ್ಟಿಕೊಂಡರೆ, ಹಿಂದಿನ ಭಾರ ನಿಲ್ಲದೆ ಮುಂದಿನದನ್ನು ನೂಕುತ್ತದೆ. ಕೀಲಿನಲ್ಲಿ ಗಾಡಿ ಮಡಿಸುವ ಚಾಕುವಿನಂತೆ ಮಡಿಚಿಕೊಳ್ಳುತ್ತದೆ. ಹಳೆಯ ಡ್ರೈವರರು ಇದಕ್ಕಾಗಿಯೇ ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯುವುದನ್ನು ಕಲಿತಿದ್ದರು. ಚಕ್ರ ಕಟ್ಟಿಕೊಳ್ಳದಂತೆ ತಾನಾಗಿಯೇ ನೋಡಿಕೊಳ್ಳುವ ಎ.ಬಿ.ಎಸ್. ಇರುವ ಗಾಡಿಯಲ್ಲಿ ಹಾಗೆ ತುಳಿಯಬಾರದು. ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಒಂದು ಕಾಲದಲ್ಲಿ ಪ್ರಾಣ ಉಳಿಸಿದ ಅಭ್ಯಾಸವನ್ನು ಇಲ್ಲಿ ಬೇಕೆಂದೇ ಬಿಡಬೇಕಾಗುತ್ತದೆ. ಹೊಸದನ್ನು ಕಲಿಯುವುದಕ್ಕಿಂತ ಹಳೆಯದನ್ನು ಬಿಡುವುದು ಕಷ್ಟ. ತಿರುವಿಗೆ ಮೊದಲೇ, ಗಾಡಿ ನೇರವಾಗಿರುವಾಗಲೇ ವೇಗ ತಗ್ಗಿಸಬೇಕೆಂಬ ಸೂತ್ರ ಮಾತ್ರ ಅಂದಿಗೂ ಇಂದಿಗೂ ಒಂದೇ.

ಇವನ್ನೆಲ್ಲ ಅವನಿಗೆ ಮತ್ತೆ ಕಲಿಸಿದವನು ಅವನ ಅಕ್ಕನ ಮಗ. ಹದಿನೆಂಟರ ವಯಸ್ಸಿನಲ್ಲಿ ಇದೇ ಮಾವನ ಲಾರಿಗೆ ಕ್ಲೀನರಾಗಿ ಹತ್ತಿದ್ದವನು ಈಗ ತುಮಕೂರಿನ ಬಳಿ ಕಂಟೈನರ್ ಗಾಡಿಯೊಂದರ ಡ್ರೈವರ್. ಮಾಲೀಕನ ಒಪ್ಪಿಗೆ ಪಡೆದು, ಕೆಲಸವಿಲ್ಲದ ಭಾನುವಾರಗಳಂದು ಗಾಡಿ ನಿಲ್ಲಿಸುವ ಬಯಲಿನಲ್ಲಿ ಖಾಲಿ ಟ್ರೈಲರನ್ನು ಮಾವನ ಕೈಗೆ ಕೊಟ್ಟ. ಹಿಂದೆ ಮಾವ ಕುಳಿತಿದ್ದ ಜಾಗದಲ್ಲಿ ಅಳಿಯ, ಅಳಿಯ ಕುಳಿತಿದ್ದ ಎಡಗಡೆಯಲ್ಲಿ ಮಾವ. ಮೊದಲ ವಾರ ಬರಿದೆ ನೋಡುವುದು, ಎರಡನೆಯ ವಾರ ಮುಟ್ಟುವುದು.

ಮೂರನೆಯ ಭಾನುವಾರ ಮಾವ ಎರಡು ಕಲ್ಲುಗಳ ನಡುವೆ ಟ್ರೈಲರನ್ನು ಒಂದೇ ಸಲಕ್ಕೆ ಹಿಂದಕ್ಕೆ ತಂದು ನಿಲ್ಲಿಸಿದ. ಮುಖ ಅರಳಿತು. ನಾಲ್ಕನೆಯ ಭಾನುವಾರ ಕಿಟಕಿಯ ಮೇಲೆ ಮೊಣಕೈ ಊರಿ, ಹಿಂದೆ ತಿರುಗಿಯೂ ನೋಡದೆ, ಕನ್ನಡಿಯನ್ನೇ ನಂಬಿ ಬಂದ. ಕಲ್ಲು ಪುಡಿಯಾಯಿತು.

"ಇಳಿದು ನೋಡಬೇಕಿತ್ತು ಮಾವ" ಎಂದ ಅಳಿಯ.

"ನಿನಗೆ ಈ ಮಾತು ಹೇಳಿಕೊಟ್ಟವನೇ ನಾನು ಕಣೋ" ಎಂದ ಮಾವ ಮೋರೆ ಕೆಂಪಗೆ ಮಾಡಿ.

"ಅದಕ್ಕೇ ನನಗೆ ಇನ್ನೂ ನೆನಪಿದೆ" ಎಂದ ಅಳಿಯ. ಮಾವ ಮಾತಾಡದೆ ಇಳಿದು ಹಿಂದೆ ಹೋಗಿ ನೋಡಿ ಬಂದ.

ಬಹುಕಾಲದ ಮೇಲೆ ಹಳೆಯ ಕೆಲಸಕ್ಕೆ ಮರಳುವವರ ಅಪಾಯವೆಲ್ಲ ಆ ನಾಲ್ಕನೆಯ ಭಾನುವಾರದಲ್ಲಿದೆ. ಮೊದಲ ದಿನ ಭಯವೇ ಅವರನ್ನು ಕಾಯುತ್ತದೆ. ಕೈ ಕೊಂಚ ಒಗ್ಗಿದೊಡನೆ ಹಳೆಯ ಧೈರ್ಯ ಒಮ್ಮೆಲೇ ಹಿಂದಿರುಗುತ್ತದೆ; ಹಳೆಯ ಅಳತೆ ಮಾತ್ರ ಮೆಲ್ಲಮೆಲ್ಲನೆ ಹಿಂದಿರುಗುತ್ತದೆ. ಇವೆರಡರ ನಡುವಿನ ಅಂತರದಲ್ಲಿಯೇ ಅನಾಹುತಗಳು ಕಾದಿರುತ್ತವೆ. ಹಿಂದೆ ಈ ಅಂತರವನ್ನು ತುಂಬಲು ಕ್ಲೀನರೊಬ್ಬನಿದ್ದ. ಇಳಿದು ಹಿಂದೆ ನಿಂತು 'ಬರ್ಲಿ, ಬರ್ಲಿ' ಎಂದು ಕೂಗಿ, ಗಾಡಿಯ ಪಕ್ಕೆಗೆ ಎರಡು ಬಾರಿ ತಟ್ಟಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಈಗ ಎಷ್ಟೋ ಗಾಡಿಗಳಲ್ಲಿ ಡ್ರೈವರನೊಬ್ಬನೇ. ತನ್ನ ಗಾಡಿಗೆ ತಾನೇ ಕ್ಲೀನರೂ ಆಗುವ ವಿನಯವಿದ್ದವನು ಮಾತ್ರ ಕ್ಷೇಮವಾಗಿ ಮನೆ ಸೇರಿಯಾನು.

ಈ ಮಾತು ಲಾರಿಗೆ ಮಾತ್ರ ಸಲ್ಲುವುದಲ್ಲ. ಮಕ್ಕಳು ದೊಡ್ಡವರಾದ ಮೇಲೆ ಮರಳಿ ಶಾಲೆಯ ಪಾಠಕ್ಕೆ ನಿಲ್ಲುವ ಗೃಹಿಣಿಗೂ, ವರುಷಗಳ ನಂತರ ವೀಣೆಯ ಗವಸು ಬಿಚ್ಚುವವಳಿಗೂ, ಕಾಯಿಲೆಯಿಂದೆದ್ದು ಕಾರ್ಯಾಗಾರಕ್ಕೆ ಹಿಂದಿರುಗುವ ಕೆಲಸಗಾರನಿಗೂ ಸಲ್ಲುತ್ತದೆ. ಮರೆತಿದ್ದೇನೆಂದು ಒಪ್ಪಿಕೊಳ್ಳುವುದರಿಂದ ವಿದ್ಯೆಗೆ ಕುಂದಿಲ್ಲ. ಕಿರಿಯರ ಎದುರು ಕೆಲವು ವಾರ ಶಿಷ್ಯನಾಗಬಲ್ಲವನಿಗೆ ಹಳೆಯ ವಿದ್ಯೆ ಹಿಂದಿಗಿಂತಲೂ ಗಟ್ಟಿಯಾಗಿ ದಕ್ಕುವುದುಂಟು.

ಎಂಟನೆಯ ವಾರ ಅವನು ಸರಕು ತುಂಬಿದ ಗಾಡಿಯೊಡನೆ ಹೊರಟ. ಶಿರಾದ ಬಳಿ 48ನೆಯ ಹೆದ್ದಾರಿಯ ಪಕ್ಕದಲ್ಲಿ, ಲಾರಿಗಳು ತಂಗುವ ಬಯಲಿಗೆ ಗಾಡಿಯನ್ನು ಹಿಂದಕ್ಕೆ ಸರಿಸಿ ನಿಲ್ಲಿಸಿ, ಹೆಂಡತಿಗೆ ಫೋನ್ ಮಾಡಿದ.

"ಆಯ್ತಾ?" ಎಂದಳು.

"ಆಯ್ತು. ಮೂರು ಸಲ ಇಳಿದು ನೋಡಿದೆ" ಎಂದ.

ಅಂದು ಕೇಳಿದ ಪ್ರಶ್ನೆಗೆ ಅವಳಿಗೆ ಉತ್ತರ ಸಿಕ್ಕಿತು. ಒಲೆಯ ಮೇಲಿನ ಮುದ್ದೆಯ ಎಸರು ಕುದಿಯುತ್ತಿತ್ತು. ಅವಳು ರಾಗಿ ಹಿಟ್ಟು ಹಾಕಲು ಎದ್ದಳು.